ಭಾರ ಎಲ್ಲಿ ಕೂತಿದೆ

ಜೂನ್ 3, 2023, ಶನಿವಾರ
ಫೋರ್ಟ್ ಕಾಲಿನ್ಸ್, ಕೊಲರಾಡೊ

ಈ ಸಲದ ಪ್ರವಾಸಕ್ಕೆ ಮಂಡ್ಯದಿಂದ ಬಂದಿರುವ ಅತ್ತೆ ಮಾವನೂ ಜೊತೆಗಿರುತ್ತಾರೆ. ಗ್ರ್ಯಾಂಡ್ ಟೀಟನ್‌ನ ಕೋಲ್ಟರ್ ಬೇಯಲ್ಲಿ ಟ್ರೇಲರ್ ನಿಲ್ಲಿಸಲು ಜಾಗ ಸಿಕ್ಕಿದೆ. 17ಕ್ಕೆ ಹೊರಡುವುದು. ಇದುವರೆಗೆ ಪಿಕಪ್ಪಿನಲ್ಲಿ ನಾವು ಮೂವರೇ ಇರುತ್ತಿದ್ದೆವು, ಈಗ ಐದು ಜನ. ಜನ ಹೆಚ್ಚಿದರೆ ಹಳೆಯ ಲೆಕ್ಕ ನಡೆಯುವುದಿಲ್ಲ. ಬೆಳಿಗ್ಗೆ ಕಾಫಿ ಮುಗಿಸಿದವಳೇ ಡ್ರೈವರ್ ಕಡೆ ಬಾಗಿಲು ತೆಗೆದು, ಅಲ್ಲಿ ಅಂಟಿಸಿರುವ ಹಳದಿ ಚೀಟಿಯನ್ನು ನೋಟ್‌ಬುಕ್ಕಿಗೆ ಬರೆದುಕೊಂಡೆ: ಜನ, ಸಾಮಾನು ಎಲ್ಲ ಸೇರಿ 1,620 ಪೌಂಡ್ ಮೀರಬಾರದು. ಅಂದರೆ ಸುಮಾರು 735 ಕೆ.ಜಿ.

ಟ್ರೇಲರ್ ಕೊಳ್ಳುವಾಗ ಅಂಗಡಿಯವರು ಈ ಚೀಟಿಯ ಮಾತೇ ಎತ್ತಿರಲಿಲ್ಲ. 'ನಿಮ್ಮ ಗಾಡಿ ಒಂಬತ್ತು ಸಾವಿರ ಪೌಂಡ್ ಎಳೆಯುತ್ತೆ, ಇದು ತುಂಬಿದರೂ ಏಳು ಸಾವಿರ ದಾಟಲ್ಲ, ಇನ್ನೇನು ಯೋಚನೆ' ಅಂದಿದ್ದರು. ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ. ಟ್ರೇಲರ್ ತನ್ನ ಭಾರವನ್ನೆಲ್ಲ ತನ್ನ ಗಾಲಿಗಳ ಮೇಲೆ ಹೊರುವುದಿಲ್ಲ. ಒಂದು ಪಾಲನ್ನು, ಪಿಕಪ್ಪಿಗೆ ಅದನ್ನು ಜೋಡಿಸುವ ಹಿಚ್ಚಿನ ಗುಂಡಿನ ಮೇಲೆ, ಅಂದರೆ ಪಿಕಪ್ಪಿನ ಬೆನ್ನ ಮೇಲೆ ಇಳಿಸುತ್ತದೆ. ಆ ಪಾಲೇ ಟಂಗ್ ವೇಟ್. ಇಂಥ ಟ್ರೇಲರುಗಳಿಗೆ ಅದು ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಇರಬೇಕು ಎಂಬುದು ಇಲ್ಲಿಯ ರೂಢಿಯ ನಿಯಮ. ಪಿಕಪ್ಪಿನ ಪಾಲಿಗೆ ಅದೂ ಸಾಮಾನೇ. ಅದೂ 1,620ರಲ್ಲೇ ಸೇರಬೇಕು.

ಬರೆದುಕೊಂಡ ಲೆಕ್ಕ ಇದು (ಎಲ್ಲ ಪೌಂಡಿನಲ್ಲಿ):
ಐದು ಜನ: 670
ಹಿಚ್, ಅದರ ಸರಳುಗಳು ಸೇರಿ: 90
ಹಿಂದಿನ ತೊಟ್ಟಿಯಲ್ಲಿ ಜನರೇಟರ್, ಟೂಲ್‌ಬಾಕ್ಸ್: 100
ಟಂಗ್ ವೇಟಿಗೆ ಉಳಿಯುವುದು: 760

ಟ್ರೇಲರಿನ ಕೈಪಿಡಿಯಲ್ಲಿ ಟಂಗ್ ವೇಟ್ 560 ಎಂದಿದೆ. ಅದು ಕಾರ್ಖಾನೆಯಿಂದ ಖಾಲಿ ಹೊರಟಾಗಿನ ಮಾತು. ಮೂತಿಯ ಮೇಲೆ ಬ್ಯಾಟರಿ ಕೂತಿಲ್ಲ, ಎರಡು ಗ್ಯಾಸ್ ಸಿಲಿಂಡರ್ ಕೂತಿಲ್ಲ, ಅದರ ಹಿಂದಿನ ಖಾನೆಯಲ್ಲಿ ಅಕ್ಕಿ ಚೀಲ ಇಲ್ಲ. ನಿಜವಾದ ಸಂಖ್ಯೆ ತಕ್ಕಡಿ ಹತ್ತಿದ ಮೇಲೇ ತಿಳಿಯುವುದು.

ಜೂನ್ 4, ಭಾನುವಾರ

ಶಾಲೆಗೆ ರಜೆ, ಮಗಳಿಗೆ ಬಿಡುವು. 'ಮುಂದೆ ಭಾರ ಕಮ್ಮಿ ಆದ್ರೆ ಏನಾಗುತ್ತಮ್ಮ?' ಎಂದು ಕೇಳಿದಳು. ಬೇಸ್‌ಮೆಂಟಿಗೆ ಕರೆದುಕೊಂಡು ಹೋಗಿ ಟ್ರೆಡ್‌ಮಿಲ್ ಹಾಕಿದೆ. ಅವಳ ಲೆಗೋ ಕಾರಿಗೆ ಲೆಗೋದ್ದೇ ಒಂದು ಉದ್ದನೆಯ ಟ್ರೇಲರ್ ಕಟ್ಟಿ, ಕಾರಿನ ಮೂತಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಟ್ರೆಡ್‌ಮಿಲ್ಲಿನ ಹಿಡಿಗೆ ಬಿಗಿದೆವು. ಮೊದಲು ಎರಡು ಬ್ಯಾಟರಿ ಸೆಲ್‌ಗಳನ್ನು ಟ್ರೇಲರಿನಲ್ಲಿ ಗಾಲಿಗಿಂತ ಮುಂದೆ ಇಟ್ಟೆವು. ಪಟ್ಟಿ ಜೋರಾಗಿ ಓಡುತ್ತಿದ್ದಾಗ ಮಗಳು ಪೆನ್ಸಿಲ್ಲಿನಿಂದ ಟ್ರೇಲರನ್ನು ಪಕ್ಕಕ್ಕೆ ತಟ್ಟಿದಳು. ಒಂದು ಸಲ ಆ ಕಡೆ, ಒಂದು ಸಲ ಈ ಕಡೆ, ಆಮೇಲೆ ನೇರ. ಅದೇ ಸೆಲ್‌ಗಳನ್ನು ಹಿಂದಿನ ತುದಿಗೆ ಸರಿಸಿದೆವು. ಪಟ್ಟಿ ನಿಧಾನ ಇರುವವರೆಗೆ ಏನೂ ಗೊತ್ತಾಗಲಿಲ್ಲ. ವೇಗ ಏರಿಸಿ ಮೆಲ್ಲಗೆ ತಟ್ಟಿದ್ದೇ ತಡ, ಓಲಾಟ ಪ್ರತಿ ಸಲವೂ ಹಿಂದಿನದಕ್ಕಿಂತ ಅಗಲವಾಗುತ್ತಾ ಹೋಗಿ ಕಾರಿನ ಹಿಂಭಾಗವನ್ನೂ ಎಳೆದಾಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೂ ಮಗುಚಿಕೊಂಡವು. ತೂಕ ಅಷ್ಟೇ, ಗಾಡಿ ಅದೇ. ಕೂತ ಜಾಗ ಮಾತ್ರ ಬೇರೆ. ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಾನೇ ಪೇಪರ್ ತಂದು ಎರಡೂ ಜೋಡಣೆಯ ಚಿತ್ರ ಬರೆದಳು.

ಕಾರಣ ಹೀಗೆ: ಭಾರದ ಕೇಂದ್ರ ಗಾಲಿಗಳಿಗಿಂತ ಮುಂದಿದ್ದರೆ, ಟ್ರೇಲರ್ ಪಕ್ಕಕ್ಕೆ ಸರಿದಾಗ ಹಿಂದಿರುವ ಟೈರುಗಳು ಅದನ್ನು ದಾರಿಗೆ ಎಳೆದು ತರುತ್ತವೆ. ಕೇಂದ್ರ ಹಿಂದಕ್ಕೆ ಸರಿದಷ್ಟೂ ಆ ಹಿಡಿತ ಸಡಿಲವಾಗುತ್ತದೆ, ಟ್ರೇಲರಿನ ಬಾಲವೇ ಗಾಡಿಯನ್ನು ಆಡಿಸತೊಡಗುತ್ತದೆ. ವೇಗ ಏರಿದಷ್ಟೂ ಓಲಾಟ ತಾನಾಗಿ ತಣಿಯುವ ಗುಣ ಕಡಿಮೆಯಾಗುತ್ತದೆ. 50 ಮೈಲಿಯಲ್ಲಿ ಸುಮ್ಮನಿದ್ದ ಟ್ರೇಲರ್ 65ರಲ್ಲಿ ಹುಚ್ಚು ಹಿಡಿದಂತಾಡುವುದು ಇದಕ್ಕೇ.

ಮಾವ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. 'ಇದು ನಮ್ ಗಾಡಿ ಹೊಡೆಯೋರಿಗೆ ಗೊತ್ತಿದ್ದುದ್ದೇ ಕಣವ್ವ. ಕಬ್ಬು ತುಂಬೋವಾಗ ಹಿಂಭಾರ ಆದ್ರೆ ಮೂಕಿ ಎದ್ಬುಡ್ತದೆ, ಎತ್ತಿನ ಕೊರಳ ಹಗ್ಗ ಬಿಗೀತದೆ. ಮುಂಭಾರ ಆದ್ರೆ ನೊಗ ಹೆಗಲ ಮ್ಯಾಲೆ ಕೂತ್ಕತದೆ, ಎತ್ತು ಮುಂಗಾಲು ಊರಕ್ಕಾಗಲ್ಲ. ನಮ್ಮಪ್ಪ ತುಂಬಿದ ಮ್ಯಾಲೆ ಮೂಕಿ ಕೈಯಲ್ಲಿ ಎತ್ತಿ ನೋಡಿ ಆಮ್ಯಾಕೆ ಎತ್ತು ಕಟ್ಟೋರು' ಅಂದರು. ನಾನು ಇಂಗ್ಲಿಷ್ ಕೈಪಿಡಿಗಳಲ್ಲಿ ಓದಿದ್ದ ಎರಡೂ ಕಡೆಯ ಅಪಾಯ ಆ ನಾಲ್ಕು ಮಾತಿನಲ್ಲಿ ಇತ್ತು. ಮುಂಭಾರ ಹೆಚ್ಚಾದರೆ ಪಿಕಪ್ಪಿನ ಹಿಂಭಾಗ ಕುಸಿದು ಮುಂದಿನ ಗಾಲಿಗಳು ಹಗುರಾಗುತ್ತವೆ. ಸ್ಟೀರಿಂಗ್, ಬ್ರೇಕ್ ಎರಡೂ ದುರ್ಬಲ. ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ರಾತ್ರಿ ಊಟದ ಹೊತ್ತಿಗೆ ಇವರು, ಅಂದರೆ ನನ್ನ ಗಂಡ, ಇನ್ನೊಂದು ಸಂಗತಿ ಹೇಳಿದರು. ಇಂಗ್ಲೆಂಡಿನಲ್ಲಿ ಕ್ಯಾರವಾನಿಗೆ ನೂರಕ್ಕೆ 5ರಿಂದ 7ರಷ್ಟು ಮುಂಭಾರ ಸಾಕು ಅನ್ನುತ್ತಾರಂತೆ. ಅಲ್ಲಿ ಕ್ಯಾರವಾನ್ ಎಳೆಯುವ ಕಾರಿಗೆ ಮೋಟರ್‌ವೇಯಲ್ಲೂ 60 ಮೈಲಿಯೇ ಮಿತಿ. ಅಲ್ಲಿಯ ಕ್ಯಾರವಾನುಗಳೂ ಹಗುರ. ನಮ್ಮ ದಾರಿ ವಯೋಮಿಂಗಿನದು, ಅಲ್ಲಿಯ ಅಂತರರಾಜ್ಯ ಹೆದ್ದಾರಿಯಲ್ಲಿ ಸುತ್ತಲಿನವರೆಲ್ಲ 75, 80ರಲ್ಲಿ ಹೋಗುತ್ತಾರೆ. ನಮಗೆ ನೂರಕ್ಕೆ 12ರ ಆಸುಪಾಸು ಬೇಕು.

ಜೂನ್ 10, ಶನಿವಾರ

ಪ್ರವಾಸಕ್ಕೆ ತುಂಬುವ ಹಾಗೆಯೇ ಎಲ್ಲ ತುಂಬಿ, ನೀರಿನ ಟ್ಯಾಂಕ್ ಭರ್ತಿ ಮಾಡಿ, ಐದೂ ಜನ ಕೂತು ಐ-25 ಪಕ್ಕದ ಟ್ರಕ್ ಸ್ಟಾಪಿಗೆ ಹೋದೆವು. ಅಲ್ಲಿ ಕ್ಯಾಟ್ ಸ್ಕೇಲ್ ಇದೆ. 1977ರಿಂದ ನಡೆಯುತ್ತಿರುವ ಈ ತಕ್ಕಡಿಗಳು ದೊಡ್ಡ ಲಾರಿಗಳಿಗೆಂದೇ ಮಾಡಿದವು, ಆದರೆ ನಮ್ಮಂಥವರನ್ನೂ ತೂಗುತ್ತಾರೆ. ನಮ್ಮೂರ ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜ್ ಒಟ್ಟು ತೂಕ ಹೇಳಿದರೆ ಇಲ್ಲಿಯದು ಪಾಲು ಮಾಡಿ ಹೇಳುತ್ತದೆ. ಬೇರೆ ಬೇರೆ ಹಾಸುಗಳಿವೆ: ಮುಂದಿನ ಗಾಲಿ ಒಂದರ ಮೇಲೆ, ಹಿಂದಿನ ಗಾಲಿ ಇನ್ನೊಂದರ ಮೇಲೆ, ಟ್ರೇಲರಿನ ಗಾಲಿಗಳು ಮೂರನೆಯದರ ಮೇಲೆ. 'ನಮ್ಮನ್ನೂ ತೂಗ್ತಾರೇನಮ್ಮ?' ಎಂದು ಅತ್ತೆ ಕೇಳಿದರು. ಹೌದತ್ತೆ, ನಿಮ್ಮನ್ನು ಬಿಟ್ಟು ತೂಗಿದರೆ ಲೆಕ್ಕವೇ ಸುಳ್ಳಾಗುತ್ತೆ ಅಂದೆ.

ಇದಕ್ಕೆ ಮೂರು ತೂಕ ಬೇಕು. ಮೊದಲು ಹಿಚ್ಚಿನ ಸ್ಪ್ರಿಂಗ್ ಬಾರುಗಳನ್ನು (ಗುಂಡಿನ ಮೇಲಿನ ಭಾರವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಸರಳುಗಳನ್ನು) ಬಿಗಿದು, ಆಮೇಲೆ ಅವನ್ನು ಬಿಚ್ಚಿ, ಕೊನೆಗೆ ಟ್ರೇಲರನ್ನು ಪಾರ್ಕಿಂಗಿನಲ್ಲಿ ಬಿಟ್ಟು ಪಿಕಪ್ ಒಂದೇ.

ಬಾರು ಬಿಗಿದಾಗ: ಮುಂದೆ 3,140, ಹಿಂದೆ 4,100, ಟ್ರೇಲರ್ 5,520
ಬಾರು ಬಿಚ್ಚಿದಾಗ: ಮುಂದೆ 2,960, ಹಿಂದೆ 4,380, ಟ್ರೇಲರ್ 5,420
ಪಿಕಪ್ ಒಂದೇ: ಮುಂದೆ 3,320, ಹಿಂದೆ 3,140

ಎರಡನೆಯದರಲ್ಲಿ ಪಿಕಪ್ಪಿನ ಭಾರ 7,340, ಮೂರನೆಯದರಲ್ಲಿ 6,460. ವ್ಯತ್ಯಾಸ 880. ಅದೇ ನಮ್ಮ ಟಂಗ್ ವೇಟ್. ಟ್ರೇಲರಿನ ಒಟ್ಟು ತೂಕ 6,300. ನೂರಕ್ಕೆ 14. ಆ ಒಂದು ಸಂಖ್ಯೆ ನೋಡಿದರೆ ಎಲ್ಲ ಸರಿ. ಆದರೆ ಪಿಕಪ್ ಹೊರಬಹುದಾದ್ದಕ್ಕಿಂತ 120 ಪೌಂಡ್ ಹೆಚ್ಚು ಹೊರುತ್ತಿದೆ. ಒಂದು ನಿಯಮಕ್ಕೆ ಸರಿಹೊಂದಿದೆವೆಂದು ಇನ್ನೊಂದನ್ನು ಬಿಡುವಂತಿಲ್ಲ, ಎರಡೂ ಒಟ್ಟಿಗೇ ಕೂಡಿಬರಬೇಕು.

ಇನ್ನೊಂದು ಸಾಲೂ ಗಮನಿಸುವಂಥದ್ದು. ಹಿಚ್ಚಿನ ಗುಂಡು ಹಿಂದಿನ ಆಕ್ಸಲ್‌ಗಿಂತ ಐದಡಿ ಹಿಂದಿದೆ. ಅಲ್ಲಿ ಕೂತ 880, ಹಿಂದಿನ ಆಕ್ಸಲ್ ಮೇಲೆ 1,240 ಆಗಿ ಬಿತ್ತು, ಮುಂದಿನ ಆಕ್ಸಲ್‌ನಿಂದ 360 ಎತ್ತಿಕೊಂಡಿತು. ಸ್ಪ್ರಿಂಗ್ ಬಾರುಗಳು ಅದರಲ್ಲಿ ಅರ್ಧವನ್ನು ಮುಂದಕ್ಕೆ ಮರಳಿಸಿದವು, ನೂರರಷ್ಟನ್ನು ಟ್ರೇಲರಿನ ಗಾಲಿಗಳಿಗೂ ದಾಟಿಸಿದವು. ಬಾರು ಬಿಗಿದ ಮೇಲೆಯೂ ಪಿಕಪ್ ಮಿತಿಗಿಂತ 20 ಮೇಲೆಯೇ ಇತ್ತು. ಈ ಹಿಚ್ ಇದ್ದರೆ ಎಷ್ಟು ಬೇಕಾದರೂ ತುಂಬಬಹುದು ಎಂದು ಹೇಳುವವರು ಈ ತೂಕದ ಚೀಟಿ ನೋಡಬೇಕು. ಅದು ಭಾರವನ್ನು ಹಂಚುತ್ತದೆ, ಇಳಿಸುವುದಿಲ್ಲ. ಹಿಂಭಾರದ ಟ್ರೇಲರನ್ನು ಸರಿ ಮಾಡುವುದೂ ಅದರ ಕೆಲಸವಲ್ಲ.

ಜೂನ್ 11, ಭಾನುವಾರ

ಇಡೀ ಬೆಳಿಗ್ಗೆ ಸಾಮಾನು ಜಾಗ ಬದಲಾಯಿಸುವುದೇ ಆಯಿತು. ಸೂತ್ರ ಸುಲಭ: ವಸ್ತುವಿನ ತೂಕವನ್ನು ಆಕ್ಸಲ್‌ನಿಂದ ಅದಿರುವ ದೂರದಿಂದ ಗುಣಿಸಿ, ಆಕ್ಸಲ್‌ನಿಂದ ಹಿಚ್ಚಿನ ಗುಂಡಿಗಿರುವ ದೂರದಿಂದ ಭಾಗಿಸಬೇಕು. ನಮ್ಮದರಲ್ಲಿ ಆ ದೂರ 16 ಅಡಿ. ಎರಡು ಆಕ್ಸಲ್ ಇರುವುದರಿಂದ ಅವುಗಳ ನಡುಮಧ್ಯಕ್ಕೆ ಅಳೆದದ್ದು.

ಮುಂದಿನ ಖಾನೆಯಲ್ಲಿ ಸೋನಾ ಮಸೂರಿ, ಬೇಳೆ, ಎಣ್ಣೆ ಡಬ್ಬಿ, ಎರಕದ ದೋಸೆ ಕಾವಲಿ, ಕುರ್ಚಿಗಳು ಎಲ್ಲ ಸೇರಿ 120 ಪೌಂಡ್ ಇತ್ತು. ಆ ಖಾನೆ ಆಕ್ಸಲ್‌ಗಿಂತ 12 ಅಡಿ ಮುಂದಿದೆ. ಅಂದರೆ ಗುಂಡಿನ ಮೇಲೆ 90. ಅಷ್ಟನ್ನೂ ಆಕ್ಸಲ್ ಮೇಲೇ ಬರುವ ಊಟದ ಬೆಂಚಿನ ಕೆಳಗೆ ಇಟ್ಟರೆ ಆ 90 ಹೋಯಿತು. ನೀರಿನ ಟ್ಯಾಂಕ್ 40 ಗ್ಯಾಲನ್. ಗ್ಯಾಲನ್ನಿಗೆ 8.34 ಪೌಂಡಿನಂತೆ 334. ಅದು ಆಕ್ಸಲ್‌ಗಿಂತ 4 ಅಡಿ ಮುಂದೆ, ಗುಂಡಿನ ಮೇಲೆ 83. ಕೋಲ್ಟರ್ ಬೇಯಲ್ಲಿ ನಿಂತ ಜಾಗಕ್ಕೇ ನಲ್ಲಿ ಬರುತ್ತದೆ, ದಾರಿಗೆ 10 ಗ್ಯಾಲನ್ ಸಾಕು. ಅಲ್ಲಿ 62 ಇಳಿಯಿತು. ವಿದ್ಯುತ್ತೂ ಅಲ್ಲೇ ಸಿಗುವುದರಿಂದ 60 ಪೌಂಡಿನ ಜನರೇಟರ್ ಮನೆಯಲ್ಲೇ ಇರಲಿ ಎಂದು ಇಳಿಸಿದೆವು. ಒಟ್ಟು ಕಳೆದರೆ ಟಂಗ್ ವೇಟ್ 728ಕ್ಕೆ ಬರಬೇಕು.

ಇವರು ಎರಡು ಸೈಕಲ್ ತಂದು ಟ್ರೇಲರಿನ ಹಿಂದೆ ಸ್ಟ್ಯಾಂಡ್ ಹಾಕೋಣ ಅಂದರು. 'ಎರಡೂ ಸೇರಿ 70 ಪೌಂಡ್. ಆಕ್ಸಲ್‌ಗಿಂತ 11 ಅಡಿ ಹಿಂದೆ ಬರುತ್ತೆ, ಮುಂದಿನ ಭಾರ ಇನ್ನೂ 48 ಕಮ್ಮಿ ಆಗುತ್ತಲ್ಲ?' ಲೆಕ್ಕ ತಪ್ಪಿಲ್ಲ. ಆದರೂ ನಾನು ಬೇಡ ಅಂದೆ. ಒಂದೇ ಟಂಗ್ ವೇಟನ್ನು ಎರಡು ದಾರಿಯಲ್ಲಿ ತಲುಪಬಹುದು. ಭಾರವನ್ನೆಲ್ಲ ಆಕ್ಸಲ್ ಹತ್ತಿರ, ಸ್ವಲ್ಪ ಮುಂದಕ್ಕೆ ಕೂಡಿಸುವುದು ಒಂದು. ಮೂತಿಗೂ ಬಾಲಕ್ಕೂ ಭಾರ ಹೇರಿ ಒಂದರಿಂದ ಇನ್ನೊಂದನ್ನು ತೂಗಿಸುವುದು ಇನ್ನೊಂದು. ತಕ್ಕಡಿಗೆ ಎರಡೂ ಒಂದೇ. ರಸ್ತೆಗೆ ಅಲ್ಲ. ಎರಡು ತುದಿಗೆ ಭಾರ ಇರುವ ಟ್ರೇಲರ್ ಒಮ್ಮೆ ತಿರುಗಲು ಶುರುವಾದರೆ ನಿಲ್ಲಿಸಲು ಬಹಳ ಹೆಚ್ಚು ಬಲ ಬೇಕು. ಗಾಳಿಯ ನಾಡಿಗೆ ಹೊರಟಾಗ ಬಾಲದಲ್ಲಿ ಭಾರ ಕಟ್ಟಿಕೊಂಡು ಹೋಗುವುದು ಬೇಡ. ಇವರು ಒಪ್ಪಿ ಸೈಕಲ್ಲುಗಳನ್ನು ಗ್ಯಾರೇಜಿಗೆ ವಾಪಸ್ ಇಟ್ಟರು.

ಜೂನ್ 16, ಶುಕ್ರವಾರ

ಕೆಲಸ ಬೇಗ ಮುಗಿಸಿ ಬಂದು ಹಿಚ್ ಜೋಡಿಸಿದೆ. ಸಮತಟ್ಟಾದ ನೆಲ ಬೇಕೆಂದು ಮನೆ ಎದುರಿನ ರಸ್ತೆಯಲ್ಲೇ ನಿಲ್ಲಿಸಿದೆ. ಮಾವ ಟೇಪಿನ ಒಂದು ತುದಿಯನ್ನು ನೆಲಕ್ಕೆ ಒತ್ತಿ ಹಿಡಿದರು, ನಾನು ಮುಂದಿನ ಗಾಲಿಯ ಮೇಲಿನ ಕಮಾನಿನ ಅಂಚಿಗೆ ಓದಿದೆ. ಟ್ರೇಲರ್ ಇಲ್ಲದಾಗ 953 ಮಿ.ಮೀ. ಟ್ರೇಲರನ್ನು ಗುಂಡಿನ ಮೇಲೆ ಇಳಿಸಿದಾಗ 969. ಮೂತಿ ಏರಿತು. ಆಮೇಲೆ ಜ್ಯಾಕಿನಿಂದ ಟ್ರೇಲರಿನ ಮೂತಿಯನ್ನೂ ಪಿಕಪ್ಪಿನ ಹಿಂಭಾಗವನ್ನೂ ಒಟ್ಟಿಗೆ ಎತ್ತಿ, ಬಾರುಗಳನ್ನು ಅವುಗಳ ಕೊಂಡಿಗೆ ಕೂರಿಸಿ ಇಳಿಸಿದೆ: 961. ನಮ್ಮ ಪಿಕಪ್ಪಿನ ಕೈಪಿಡಿ ಕೇಳುವುದೂ ಇದನ್ನೇ, ಏರಿದ್ದರಲ್ಲಿ ಅರ್ಧ ಇಳಿಯಬೇಕು. ಪೂರ್ತಿ ಇಳಿಸಲು ಹೋಗಿ ಅತಿಯಾಗಿ ಬಿಗಿದರೆ ಹಿಂದಿನ ಗಾಲಿಗಳ ಹಿಡಿತ ಕಳೆಯುತ್ತದೆ, ಒದ್ದೆ ರಸ್ತೆಯಲ್ಲಿ ಅದೂ ಅಪಾಯವೇ. 'ಎಷ್ಟು ಬಂತು?' ಎಂದು ಮಾವ ಪ್ರತಿ ಸಲವೂ ಕೇಳಿ, ನಾನು ಹೇಳಿದ್ದನ್ನು ತಾವೂ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡರು.

ಮತ್ತೆ ತಕ್ಕಡಿಗೆ. ಲೆಕ್ಕ 728 ಹೇಳಿತ್ತು, ತಕ್ಕಡಿ 720 ಹೇಳಿತು. ಆ ತಕ್ಕಡಿ 20 ಪೌಂಡಿನ ಹೆಜ್ಜೆಯಲ್ಲಿ ಓದುವುದರಿಂದ ಎರಡೂ ಒಂದೇ ಅನ್ನಬೇಕು. ಟ್ರೇಲರಿನ ಒಟ್ಟು ತೂಕ 6,040, ಟಂಗ್ ವೇಟ್ ನೂರಕ್ಕೆ 12. ಬಾರು ಬಿಗಿದಾಗ ಪಿಕಪ್ 7,040, ಮಿತಿಗಿಂತ 180 ಕೆಳಗೆ. ಕಾಗದದ ಮೇಲೆ ಕೂಡಿಸಿ ಕಳೆದದ್ದು ಕಬ್ಬಿಣದ ಹಾಸಿನ ಮೇಲೆ ಹಾಗೇ ನಿಂತಾಗ ಆಗುವ ಸಮಾಧಾನವೇ ಬೇರೆ.

ಜೂನ್ 17, ಶನಿವಾರ
ಲ್ಯಾಂಡರ್, ವಯೋಮಿಂಗ್

ಲ್ಯಾರಮಿಯಲ್ಲಿ ಇಳಿದು ಟೈರಿನ ಗಾಳಿ, ಸರಪಳಿ, ಬಾರಿನ ಪಿನ್ನುಗಳನ್ನು ನೋಡಿಕೊಂಡೆ. ಅಲ್ಲಿಂದ ರಾಲಿನ್ಸ್‌ವರೆಗಿನ ಐ-80 ಗಾಳಿಗೆ ಹೆಸರಾದದ್ದು. ಚಳಿಗಾಲದಲ್ಲಿ ಹಗುರಾದ ಎತ್ತರದ ಗಾಡಿಗಳಿಗೆ ಈ ದಾರಿ ಮುಚ್ಚುವುದುಂಟು. ಆರ್ಲಿಂಗ್ಟನ್ ಬಳಿ ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿದ್ದವು. ನಾನು 60 ಮೈಲಿ ದಾಟಲಿಲ್ಲ. ನಮ್ಮ ಟ್ರೇಲರಿನ ಟೈರುಗಳಿಗೆ 65ರ ಮೇಲೆ ಹೋಗುವ ಹಕ್ಕಿಲ್ಲ.

ಎಲ್ಕ್ ಮೌಂಟನ್ ಹತ್ತಿರ ದೊಡ್ಡ ಲಾರಿಯೊಂದು ಎಡಕ್ಕೆ ಬಂದಾಗಲೇ ಪಕ್ಕದಿಂದ ಗಾಳಿ ಹೊಡೆಯಿತು. ಲಾರಿಯ ಮೂತಿ ಟ್ರೇಲರಿನ ಪಕ್ಕಕ್ಕೆ ಬಂದಾಗ ಅದು ತಳ್ಳುತ್ತದೆ, ದಾಟಿ ಹೋಗುವಾಗ ಒಳಗೆ ಸೆಳೆಯುತ್ತದೆ. ಸ್ಟೀರಿಂಗ್ ನೇರ ಹಿಡಿದು ಆಕ್ಸಲರೇಟರಿನಿಂದ ಕಾಲು ತೆಗೆದೆ. ಬಲಗೈ ಬ್ರೇಕ್ ಕಂಟ್ರೋಲರಿನ ಸನ್ನೆಯ ಹತ್ತಿರ ಇತ್ತು. ಓಲಾಟ ಬೆಳೆದರೆ ಟ್ರೇಲರಿನ ಬ್ರೇಕನ್ನಷ್ಟೇ ಹಿಡಿಯಬೇಕು, ಪಿಕಪ್ಪಿನ ಬ್ರೇಕ್ ಜೋರಾಗಿ ಒತ್ತಬಾರದು, ಸ್ಟೀರಿಂಗನ್ನು ಓಲಾಟದ ವಿರುದ್ಧ ಆಡಿಸಲೂಬಾರದು. ಅಷ್ಟರ ಅಗತ್ಯ ಬೀಳಲಿಲ್ಲ. ಕನ್ನಡಿಯಲ್ಲಿ ಟ್ರೇಲರ್ ಪಕ್ಕಕ್ಕೆ ಒಂದು ಸಲ ವಾಲಿ, ಹಾಗೇ ತನ್ನ ಗೆರೆಗೆ ಬಂತು. ಹಿಂದಿನ ಸೀಟಿನಲ್ಲಿ ಅತ್ತೆಗೆ ಎಚ್ಚರವೂ ಆಗಲಿಲ್ಲ. ಬೆಂಚಿನ ಕೆಳಗೆ ಸೇರಿದ ಅಕ್ಕಿ ಬೇಳೆ, ಗ್ಯಾರೇಜಿನಲ್ಲಿ ಉಳಿದ ಸೈಕಲ್ಲು ಏನು ಮಾಡಿದವು ಎಂಬುದನ್ನು ಆ ಒಂದು ಕ್ಷಣದಲ್ಲಿ ಕಣ್ಣಾರೆ ಕಂಡೆ.

ಜೂನ್ 18, ಭಾನುವಾರ
ಕೋಲ್ಟರ್ ಬೇ

ಡುಬೋಯ್ಸ್ ದಾಟಿ ಟೋಗೊಟೀ ಪಾಸ್ ಹತ್ತಿದೆವು, 9,658 ಅಡಿ. ಇಳಿಯುವಾಗ ಕೆಳಗಿನ ಗೇರಿನಲ್ಲಿ ಎಂಜಿನ್ನೇ ತಡೆಯಲಿ ಎಂದು ಬಿಟ್ಟು, ಬ್ರೇಕನ್ನು ಆಗಾಗ ಮಾತ್ರ ಹಿಡಿದೆ. ಮುಂದಿನ ಗಾಲಿಗಳ ಮೇಲೆ ಭಾರ ಇದ್ದರೆ ಸ್ಟೀರಿಂಗ್ ತಿರುವಿಗೆ ತಕ್ಷಣ ಓಗೊಡುತ್ತದೆ, ಅದು ಕೈಗೇ ತಿಳಿಯುತ್ತದೆ. ತಿರುವಿನಲ್ಲಿ ಟೀಟನ್ ಶಿಖರಗಳು ಕಂಡಾಗ ಮಾವ 'ಅಲ್ನೋಡು' ಎಂದು ಮೊಮ್ಮಗಳ ಭುಜ ಹಿಡಿದರು.

ಟ್ರೇಲರ್ ನಿಲ್ಲಿಸಿ ಊಟ ಮುಗಿದ ಮೇಲೆ ವಾಪಸು ಬರುವ ದಿನದ ಲೆಕ್ಕವನ್ನು ಈಗಲೇ ಹಾಕಿಟ್ಟೆ. ಟಂಗ್ ವೇಟ್ ಒಮ್ಮೆ ತೂಗಿದರೆ ಶಾಶ್ವತವಾಗಿ ನಿಲ್ಲುವ ಸಂಖ್ಯೆಯಲ್ಲ. ನಮ್ಮ ಟ್ರೇಲರಿನಲ್ಲಿ ಬಳಸಿದ ನೀರಿನ ಟ್ಯಾಂಕುಗಳು ಆಕ್ಸಲ್‌ಗಿಂತ 5 ಅಡಿ ಹಿಂದಿವೆ. ಅವುಗಳಲ್ಲಿ 30 ಗ್ಯಾಲನ್ ಉಳಿಸಿಕೊಂಡು ಹೊರಟರೆ 250 ಪೌಂಡ್ ಹಿಂದಕ್ಕೆ ಬಿತ್ತು, ಗುಂಡಿನ ಮೇಲಿನ ಭಾರ 78 ಇಳಿಯಿತು. ಮುಂದಿನ ಶುದ್ಧ ನೀರಿನ ಟ್ಯಾಂಕ್ ಖಾಲಿಯಿದ್ದರೆ ಇನ್ನೂ 21. ಆಗ ಟಂಗ್ ವೇಟ್ 621, ಟ್ರೇಲರ್ 6,207: ನೂರಕ್ಕೆ ಬರೀ 10. ಬರುವಾಗ ಸುರಕ್ಷಿತವಾಗಿದ್ದ ಅದೇ ಟ್ರೇಲರ್, ಅದೇ ಐ-80ರಲ್ಲಿ, ಅಂಚಿಗೆ ಬಂದು ನಿಂತಿರುತ್ತದೆ. ಆದ್ದರಿಂದ ಹೊರಡುವ ಮುನ್ನ ಡಂಪ್ ಸ್ಟೇಷನ್ನಿನಲ್ಲಿ ಎಲ್ಲ ಖಾಲಿ ಮಾಡಿ, ಮುಂದಿನ ಟ್ಯಾಂಕಿಗೆ 10 ಗ್ಯಾಲನ್ ಹಾಕಿಯೇ ಹೊರಡುವುದು. ಕೊಂಡ ಸಾಮಾನೆಲ್ಲ ಆಕ್ಸಲ್ ಮೇಲೆ.

ಡೆನ್ವರಿನ ಸ್ನೇಹಿತರು ಮುಂದಿನ ತಿಂಗಳು ಟ್ರೇಲರ್ ಕೊಳ್ಳುತ್ತಾರಂತೆ, ಯಾವುದು ಚೆಂದ ಎಂದು ಮೆಸೇಜ್ ಮಾಡಿ ಕೇಳಿದ್ದಾರೆ. ನಾಳೆ ಬೆಳಿಗ್ಗೆ ಉತ್ತರ ಬರೆಯಬೇಕು. ಅಡುಗೆಮನೆ, ಹಾಸಿಗೆ ನೋಡುವ ಮೊದಲು ನಿಮ್ಮ ಗಾಡಿಯ ಬಾಗಿಲು ತೆಗೆದು ಹಳದಿ ಚೀಟಿ ಓದಿ. ಅದರಲ್ಲಿ ಮನೆಯವರೆಲ್ಲರ ತೂಕ ಕಳೆಯಿರಿ, ಊರಿಂದ ಬರುವ ಅಪ್ಪ ಅಮ್ಮನದ್ದೂ ಸೇರಿಸಿ. ಉಳಿದದ್ದು, ತುಂಬಿದ ಟ್ರೇಲರಿನ ನೂರಕ್ಕೆ 12–13ರಷ್ಟನ್ನು ಹೊರುವಂತಿದ್ದರೆ ಮಾತ್ರ ಆ ಟ್ರೇಲರ್ ನಿಮ್ಮದು. ಕೊಂಡ ಮೇಲೆ ಮೊದಲ ಪ್ರಯಾಣ ಟ್ರಕ್ ಸ್ಟಾಪಿನ ತಕ್ಕಡಿಗೇ ಆಗಲಿ. ಕರೆದರೆ ಟೇಪು ಹಿಡಿದುಕೊಂಡು ನಾನೂ ಬರುತ್ತೇನೆ.